ಹಸಿ ಗಾರೆ

ಮೂವತ್ತೆಂಟು ವರ್ಷ ಕಲ್ಯಾಣಪುರದಲ್ಲಿ ಟಪಾಲು ಹಂಚಿದವನು,
ಮೊದಲು ನೋಡುವುದು ಚಿತ್ರವನ್ನಲ್ಲ, ಮುದ್ರೆಯನ್ನು.
ಸರಿಯಾಗಿ ಊರಿನ ಹೆಸರಿನ ಮೇಲೆಯೇ ಬಿದ್ದಿದೆ ಮಸಿ.
ಜೆಕ್ ದೇಶ ಎಂಬಷ್ಟು ಉಳಿದಿದೆ, ಊರು ಅಳಿದಿದೆ.
ಕಳಿಸಿದವಳು ಝ್ದೆಂಕಾ.
ಹೋದ ಮಾರ್ಚಿನಲ್ಲಿ ಬಂದಿದ್ದಳು, ಉದ್ದ ಕೈಯ ಹೆಂಗಸು,
ನಮ್ಮ ಗುಡಿಯ ಹಿಂಬದಿಯ ಕಾವಿ ಗೋಡೆಗೆ
ಮೂಗು ತಾಗುವಷ್ಟು ಹತ್ತಿರ ನಿಂತು
ಅಪ್ಪ ಗೀರಿದ ಬಳ್ಳಿಯನ್ನು ಮುಟ್ಟದೆ ಮುಟ್ಟಿದವಳು.

ಈಗ ಚಿತ್ರ.
ಒಂದು ಮನೆ. ತಳದಿಂದ ಸೂರಿನವರೆಗೆ
ಲಕೋಟೆ, ಲಕೋಟೆ, ಲಕೋಟೆ.
ಹಿಂಬದಿ ತಿರುಗಿಸಿ, ಮಡಿಕೆ ಕಾಣುವ ಹಾಗೆ
ಒಂದಕ್ಕೊಂದು ಒತ್ತಿ, ಗಾರೆಯಲ್ಲಿ ಗೀರಿದ್ದು.
ಅಲ್ಲಿನವರು ಇದನ್ನು ‘ಚಿಕ್ಕ ಕಾಗದ’ ಅಂತಲೇ ಕರೆಯುತ್ತಾರಂತೆ.
ನಾನೂರು ಚಿಲ್ಲರೆ ವರ್ಷದಿಂದ ಬಟವಾಡೆಯಾಗದ ಟಪಾಲು!
ಕೈ ತುರಿಸಿತು, ಸುಳ್ಳೇಕೆ.

ಅವಳ ಅಕ್ಷರ ಇರುವೆ ಸಾಲು.
ಪಕ್ಕದ ಮನೆಯ ಲವಿನಾ ಟೀಚರು ಓದಿ ಹೇಳಿದರು:
ಇಟಲಿಯ ಗಾರೆಯವರು ಹಿಮದ ಬೆಟ್ಟ ದಾಟಿ
ಮೊಳೆ, ದಾರ, ಕೈವಾರ ಚೀಲಕ್ಕೆ ಹಾಕಿಕೊಂಡು
ಕೂಲಿ ಹುಡುಕಿ ಬಂದರಂತೆ.
ಇವರು ಅವರನ್ನು ‘ವ್ಲಾಖ್’ ಅಂದರು,
ನಮ್ಮಲ್ಲಿ ‘ಘಟ್ಟದವ’ ಅಂದ ಹಾಗೆ.
ಅಡಿಗೆ ಕಪ್ಪು ಗಾರೆ, ಮೇಲೆ ಬಿಳಿ ಸುಣ್ಣ,
ಗೀರಿದರೆ ಕಪ್ಪು ಬರುತ್ತದೆ.

ನಮ್ಮದು ತಿರುಗುಮುರುಗು.
ಅಡಿಗೆ ಮರುವಾಯಿ ಸುಟ್ಟ ಸುಣ್ಣ,
ಬೆಲ್ಲದ ನೀರು ಕುಡಿಸಿ ವಾರಗಟ್ಟಲೆ ಕುಟ್ಟಿದ್ದು;
ಮೇಲೆ ಉರುಮಂಜಿನ ಕೆಂಪು.
ಗೀರಿದರೆ ಬಿಳಿ ಹಲ್ಲು ಬಿಡುತ್ತದೆ.
“ಗಾರೆ ಯಾರಿಗೂ ಕಾಯುವುದಿಲ್ಲ ಮಾಣಿ,” ಅನ್ನುತ್ತಿದ್ದ ಅಪ್ಪ,
ಉಕ್ಕಿನ ಕಂಠವನ್ನು ಕಿವಿಗೆ ಸಿಕ್ಕಿಸಿಕೊಂಡು.

ಝ್ದೆಂಕಾ ಕೇಳಿದ್ದಳು: ಮೂಲೆಯ ಆ ಗಿಳಿಗೆ ಕಣ್ಣೇಕಿಲ್ಲ?
ಶಾಸ್ತ್ರವೋ? ನಂಬಿಕೆಯೋ?
ಪುಸ್ತಕ ಬಿಚ್ಚಿ ಕಾದಳು.
ಇರಬಹುದು, ಅಂದೆ.

ಶಾಸ್ತ್ರವಲ್ಲ. ನಾನು.
ಹತ್ತು ವರ್ಷದವನು, ಪೋಸ್ಟಿನವರು ‘ಓಡು’ ಎಂದು ಕೊಟ್ಟ ತಂತಿ
ಹೊಳೆಬದಿಯಿಂದ ಏದುತ್ತಾ ತಂದು ಚಾಚಿದೆ.
ಒದ್ದೆ ಕೈಯಲ್ಲಿ ತೆಗೆದುಕೊಂಡ.
ಓದು ಬಾರದು, ತಂತಿ ಎಂದರೆ ಏನೆಂದು ಗೊತ್ತು.
ಬಳ್ಳಿ ಮುಗಿದಿತ್ತು, ಕೊಕ್ಕು ಮುಗಿದಿತ್ತು.
ಕುಂದಾಪುರದಲ್ಲಿ ಅಜ್ಜಿಯ ಹದಿಮೂರು ದಿನ ಮುಗಿಸಿ ಬಂದಾಗ
ಗೋಡೆ ಕಲ್ಲು.
ಮೊನೆ ಇಟ್ಟು ನೋಡಿದ. ತೆಗೆದ.
ಆಮೇಲೆ ಬಹಳ ಗೋಡೆ ಗೀರಿದ, ಬಹಳ ಗಿಳಿ.
ಈ ಮೂಲೆ ಬಂದರೆ ಮಾತ್ರ ಮುಖ ಆಚೆ ಮಾಡಿ ನಡೆಯುತ್ತಿದ್ದ.
ಅದು ನಾನು ಮಾಡಿದ ಮೊದಲ ಬಟವಾಡೆ.

ನಿನ್ನೆ ರಾತ್ರಿ ಭೂತಗನ್ನಡಿ ಹಿಡಿದು
ಚಿತ್ರದ ಗೋಡೆಯಲ್ಲಿ ಸಾಲುಸಾಲಾಗಿ ನಡೆದೆ.
ಬೀಟಿನ ಅಭ್ಯಾಸ, ಒಂದು ಮನೆಯೂ ಬಿಡಬಾರದು.
ಕೆಲವು ಲಕೋಟೆಯಲ್ಲಿ ಹೂ, ಕೆಲವಲ್ಲಿ ಮೀನು,
ಒಂದರಲ್ಲಿ ಟೊಪ್ಪಿಯ ಮನುಷ್ಯ, ಉಬ್ಬಿದ ಕೆನ್ನೆ.
ಬಾಗಿಲ ಬಲಕ್ಕೆ ಒಂದು,
ಚೌಕಟ್ಟು ಮಾತ್ರ. ಮಡಿಕೆಯ ಗೆರೆ ಮೂಲೆಯಿಂದ ಹೊರಟು
ನಡುವೆ ನಿಂತಿದೆ.
ಅಚ್ಚಿನ ದೋಷವಿರಬಹುದು.
ಹಕ್ಕಿಯ ಹಿಕ್ಕೆಯೂ ಇರಬಹುದು.

ನಾಳೆ ಟೀಚರ ಕೈಯಲ್ಲಿ ಬರೆಸುತ್ತೇನೆ:
ಅಮ್ಮಾ, ಬಾಗಿಲ ಬಲಕ್ಕೆ, ಕೆಳಗಿನಿಂದ ಏಳನೇ ಸಾಲು.
ಏಣಿ ಸಿಕ್ಕರೆ ಹತ್ತಿ ಬೆರಳಿಟ್ಟು ನೋಡಿ,
ಗೆರೆ ನಿಂತ ಜಾಗ ನುಣುಪೋ, ಒರಟೋ.
ನುಣುಪಾದರೆ ಮಳೆಯ ಕೆಲಸ, ಬಿಡಿ.
ಒರಟಾದರೆ ಆ ಘಟ್ಟದವನ ಹತ್ತಿರ
ಯಾರೋ ಓಡಿ ಬಂದಿದ್ದಾರೆ.
ಓಡಿ ಬಂದ ಹುಡುಗನ ಹೆಸರು ನಿಮ್ಮ ಪುಸ್ತಕದಲ್ಲಿ ಸಿಗಲಿಕ್ಕಿಲ್ಲ.

ಗಿಳಿಯ ವಿಷಯ ಬರೆಸುವುದೋ ಬೇಡವೋ
ಇನ್ನೂ ನಿಶ್ಚಯಿಸಿಲ್ಲ.
ಕಾರ್ಡಿನಲ್ಲಿ ಜಾಗ ಕಡಿಮೆ.